ಹುಲಿಯ ಹೊಟ್ಟೆಯಲ್ಲಿ ಹಾರ್ಮೋನು: ಒಂದು ತಪ್ಪು ಉತ್ತರದಿಂದ ಕಲಿತದ್ದು

ಅಭ್ಯಾಸ ಬೋಧನೆಗೆಂದು ಮಾರತ್ತಹಳ್ಳಿಯ ಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ಪಿಟ್ಯುಟರಿ, ಥೈರಾಯಿಡ್, ಅಡ್ರಿನಲ್ ಎಂದು ನಿರ್ನಾಳ ಗ್ರಂಥಿಗಳ ಪಟ್ಟಿ ಬರೆದಿದ್ದೆ. ಬನ್ನೇರುಘಟ್ಟ ನೋಡಿಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಮಿಸ್, ಕಾಡಿನ ಹುಲಿಗೆ ದಿನಾ ಊಟ ಸಿಗಲ್ಲ. ಮಾಂಸ ಬಂತು, ಈಗ ರಸ ಬಿಡು ಅಂತ ಹೊಟ್ಟೆಗೆ ಯಾರು ಹೇಳ್ತಾರೆ? ಹೊಟ್ಟೆಯಲ್ಲೂ ಹಾರ್ಮೋನು ಇರುತ್ತಾ?” “ನರಗಳು ಹೇಳುತ್ತವೆ. ಹೊಟ್ಟೆಯಲ್ಲಿ ಅಂಥ ಗ್ರಂಥಿ ಇಲ್ಲ, ಹಾರ್ಮೋನೂ ಇಲ್ಲ” ಎಂದುಬಿಟ್ಟೆ. ನರಗಳ ಮಾತು ಅರ್ಧ ಸರಿ, ಉಳಿದದ್ದು ತಪ್ಪು.

ಜಠರ ಮತ್ತು ಕರುಳಿನ ಒಳಪದರದಲ್ಲಿ ಹಾರ್ಮೋನು ಸ್ರವಿಸುವ ಕೋಶಗಳು ಒಂದೊಂದಾಗಿ ಚದುರಿಕೊಂಡಿವೆ. ಆ ಪದರದ ಕೋಶಗಳಲ್ಲಿ ಇವುಗಳ ಪಾಲು ಸುಮಾರು ಶೇ. 1 ಮಾತ್ರ. ಒಂದೆಡೆ ಗುಂಪುಗೂಡದ ಕಾರಣ ಗ್ರಂಥಿಯಂತೆ ಕಣ್ಣಿಗೆ ಬೀಳುವುದಿಲ್ಲ. ಹುಲಿ, ಸಿಂಹ, ಚಿರತೆಗಳಲ್ಲೂ ಮನುಷ್ಯನಲ್ಲೂ ಮೂಲ ವ್ಯವಸ್ಥೆ ಇದೇ.

ಹುಲಿ ಒಂದೇ ಸಲಕ್ಕೆ 20 ಕೆ.ಜಿ.ಗೂ ಹೆಚ್ಚು ಮಾಂಸ ತಿನ್ನಬಲ್ಲದು; ಆಮೇಲೆ ಹಲವು ದಿನ ಬೇಟೆ ಸಿಗದಿರಬಹುದು. ಹಾಗಾಗಿ ಆಹಾರ ಬಂದ ಸುದ್ದಿ ಆಹಾರವಿರುವಲ್ಲಿಂದಲೇ ಹೊರಡಬೇಕು. ಜಠರದ ಕೆಳಭಾಗದ ಜಿ ಕೋಶಗಳು ಪ್ರೋಟೀನಿನ ತುಣುಕುಗಳನ್ನು ಗುರುತಿಸಿ ಗ್ಯಾಸ್ಟ್ರಿನ್ ಅನ್ನು ರಕ್ತಕ್ಕೆ ಬಿಡುತ್ತವೆ. ಅದು ರಕ್ತದೊಂದಿಗೆ ಸುತ್ತಿ ಜಠರಕ್ಕೇ ಮರಳಿ ಆಮ್ಲದ ಸ್ರವಿಕೆ ಹೆಚ್ಚಿಸುತ್ತದೆ. ಆಮ್ಲ ಅತಿಯಾದರೆ ಡಿ ಕೋಶಗಳ ಸೊಮ್ಯಾಟೋಸ್ಟ್ಯಾಟಿನ್ ಅದನ್ನು ತಡೆಯುತ್ತದೆ. ಆಮ್ಲ ಬೆರೆತ ಆಹಾರ ಡಿಯೋಡಿನಂಗೆ ಇಳಿದಾಗ ಎಸ್ ಕೋಶಗಳ ಸೆಕ್ರೆಟಿನ್, ಮೇದೋಜೀರಕ ಗ್ರಂಥಿಯಿಂದ ಬೈಕಾರ್ಬೊನೇಟ್ ತುಂಬಿದ ರಸ ತರಿಸುತ್ತದೆ. ಕೊಬ್ಬು, ಪ್ರೋಟೀನು ಬಂದಾಗ ಐ ಕೋಶಗಳ ಕೊಲೆಸಿಸ್ಟೊಕೈನಿನ್ ಪಿತ್ತಕೋಶವನ್ನು ಸಂಕುಚಿಸುತ್ತದೆ. ‘ಸಾಕು’ ಎಂಬ ಸೂಚನೆಯನ್ನು ಮೆದುಳಿಗೂ ಮುಟ್ಟಿಸುತ್ತದೆ.

ನನ್ನನ್ನು ಹೆಚ್ಚು ನಾಚಿಸಿದ್ದು ಇತಿಹಾಸ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿ, ಅಲ್ಲಿಗೆ ಆಮ್ಲ ಹಾಕಿದರು. ಆದರೂ ಮೇದೋಜೀರಕ ರಸ ಹರಿಯಿತು. ಕರುಳಿನ ಒಳಪದರದ ಸಾರವನ್ನು ರಕ್ತಕ್ಕೆ ಸೇರಿಸಿದಾಗಲೂ ಹರಿಯಿತು. ಆ ಸಾರದಲ್ಲಿದ್ದ ಸಂದೇಶವಾಹಕವೇ ಸೆಕ್ರೆಟಿನ್. ‘ಹಾರ್ಮೋನು’ ಎಂಬ ಪದವನ್ನು ಸ್ಟಾರ್ಲಿಂಗ್ ಬಳಸಿದ್ದು 1905ರಲ್ಲಿ. ಅಂದರೆ ಆ ಪದ ಹುಟ್ಟಿದ್ದೇ ನಾನು ‘ಹಾರ್ಮೋನು ಇಲ್ಲ’ ಎಂದ ಜಾಗದ ಅಧ್ಯಯನದಿಂದ.

ಮರುದಿನ ಮೊದಲು ತಪ್ಪು ಒಪ್ಪಿಕೊಂಡೆ. ತಟ್ಟೆಯಲ್ಲಿ ನೂರು ಅಕ್ಕಿಕಾಳುಗಳ ನಡುವೆ ಒಂದು ಸಾಸಿವೆ ಹಾಕಿ ಹುಡುಕಿಸಿದೆ. ‘ಚದುರಿದ ಕೋಶ’ ಎಂದರೇನೆಂದು ಬೇರೆ ವಿವರಣೆ ಬೇಕಾಗಲಿಲ್ಲ. ಪಟ್ಟಿಯ ಕೊನೆಯಲ್ಲಿ ‘ಜಠರ ಮತ್ತು ಕರುಳು’ ಎಂದು ಆ ಹುಡುಗಿಯಿಂದಲೇ ಬರೆಸಿದೆ. ಸಹ ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯಲ್ಲಿ ಒಂದು ವಾಕ್ಯ ಸೇರಿಸಿಕೊಳ್ಳಲಿ: ಹಾರ್ಮೋನು ಸ್ರವಿಸುವುದು ಕೋಶ, ಆ ಕೋಶಗಳೆಲ್ಲ ಗ್ರಂಥಿಯಾಗಿ ಸೇರಿರಲೇಬೇಕೆಂದಿಲ್ಲ.