ಬಿಲ್ಲೆಯ ಬದಲು ಕಿರುಹಡಗು: ಮೇಜಿನ ಮೇಲಿನ ಸಾಗರ ಸಮರ

ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆಯ ಉದ್ದ 251 ಮೀಟರ್. ಅದನ್ನು ಆರು ಸಾವಿರ ಪಟ್ಟು ಕುಗ್ಗಿಸಿದರೆ ಉಳಿಯುವುದು 4.2 ಸೆಂಟಿಮೀಟರ್, ಅಂದರೆ ಒಂದು ಬೆಂಕಿಕಡ್ಡಿಯ ಉದ್ದ! 1:6000 ಪ್ರಮಾಣದ ಇಂತಹ ಲೋಹದ ಹಡಗುಗಳನ್ನು ರಟ್ಟಿನ ಬಿಲ್ಲೆಗಳ ಸ್ಥಾನದಲ್ಲಿಟ್ಟು ಯುದ್ಧಕ್ರೀಡೆ ಆಡುವ ಹವ್ಯಾಸಿಗಳು ಬ್ರಿಟನ್, ಅಮೆರಿಕಗಳಲ್ಲಿದ್ದಾರೆ.

ಈ ಕ್ರೀಡೆಗಳಲ್ಲಿ ಬಿಲ್ಲೆಯೆಂದರೆ ಕೇವಲ ಕಾಯಿಯಲ್ಲ, ಅದೊಂದು ದಾಖಲೆಪತ್ರ. ಅಮೆರಿಕದ ಅವಲಾನ್ ಹಿಲ್ ಸಂಸ್ಥೆಯ 'ವಾರ್ ಅಟ್ ಸೀ' ಆಟದಲ್ಲಿ ಹಡಗಿನ ಫಿರಂಗಿ ಬಲ, ರಕ್ಷಣಾ ಸಾಮರ್ಥ್ಯ ಮತ್ತು ವೇಗ ಬಿಲ್ಲೆಯ ಮೇಲೆಯೇ ಮುದ್ರಿತವಾಗಿರುತ್ತವೆ. ಮಾದರಿ ಬಂದೊಡನೆ ಈ ಅಂಕಿಗಳು ಮರೆಯಾಗುತ್ತವೆ. ಆದ್ದರಿಂದ ಹಡಗನ್ನು ತೆಳು ಪೀಠಕ್ಕೆ ಅಂಟಿಸಿ, ಅದರಲ್ಲಿ ಹೆಸರು ಹಾಗೂ ಅಂಕಿಗಳನ್ನು ಬರೆಯುವುದು ಅನಿವಾರ್ಯ.

ಎಲ್ಲ ಆಟಗಳಿಗೂ ಈ ಬದಲಾವಣೆ ಒಗ್ಗದು. ಸಾಗರವನ್ನು ವಿಶಾಲ ವಲಯಗಳಾಗಿ ವಿಭಜಿಸಿದ ನಕ್ಷೆಯಲ್ಲಿ ಹಡಗುಗಳು ಸಲೀಸಾಗಿ ನಿಲ್ಲುತ್ತವೆ. ಅರ್ಧ ಅಂಗುಲದ ಬಿಲ್ಲೆಗೆಂದು ರೂಪಿಸಿದ ಷಟ್ಕೋನ ಮನೆಗಳಲ್ಲಾದರೋ ಬಿಸ್ಮಾರ್ಕ್ ನೆರೆಮನೆಗಳಿಗೂ ಚಾಚಿಕೊಳ್ಳುತ್ತದೆ. ಇನ್ನು 1:2400 ಪ್ರಮಾಣದಲ್ಲಿ ಅದರ ಉದ್ದ ಹತ್ತು ಸೆಂಟಿಮೀಟರ್ ಮೀರುತ್ತದೆ.

ದೂರದ ಲೆಕ್ಕವೂ ಸ್ವಾರಸ್ಯಕರ. 1941ರ ಮೇ 24ರಂದು ಬ್ರಿಟನ್ನಿನ ಹುಡ್ ನೌಕೆಯು ಶತ್ರುವಿನತ್ತ ಗುಂಡು ಹಾರಿಸಲಾರಂಭಿಸಿದ್ದು ಸುಮಾರು 24 ಕಿಲೋಮೀಟರ್ ದೂರದಿಂದ. 1:6000ರಲ್ಲಿ ಅದು ನಾಲ್ಕು ಮೀಟರ್! ಯಾವ ಊಟದ ಮೇಜೂ ಸಾಲದು. ಆದಕಾರಣ ಹಡಗಿಗೊಂದು, ಸಾಗರಕ್ಕೊಂದು ಅಳತೆ ಎಂಬ ರಾಜಿ ಇಲ್ಲಿ ಸಾಮಾನ್ಯ.

ಆದರೆ ನಿಜವಾದ ನಷ್ಟ ಗೋಪ್ಯತೆಯದು. ಬಿಲ್ಲೆಯನ್ನು ಮಗುಚಿಟ್ಟರೆ ಎದುರಾಳಿಗೆ ಹಡಗು ಯಾವುದೆಂದು ತಿಳಿಯದು. ಮಾದರಿಯ ಆಕಾರವೇ ಗುಟ್ಟನ್ನು ರಟ್ಟು ಮಾಡುತ್ತದೆ. ಗೋಪ್ಯತೆಯ ಮಹತ್ವಕ್ಕೆ ಇತಿಹಾಸವೇ ಸಾಕ್ಷಿ. 1942ರಲ್ಲಿ ಲಿವರ್‌ಪೂಲ್‌ನಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ನೇತೃತ್ವದ ಘಟಕವೊಂದು ನೆಲವನ್ನೇ ಅಟ್ಲಾಂಟಿಕ್ ಸಾಗರವಾಗಿಸಿ, ಪುಟ್ಟ ಮಾದರಿಗಳಿಂದ ಜಲಾಂತರ್ಗಾಮಿ ವಿರೋಧಿ ತಂತ್ರಗಳನ್ನು ಪರೀಕ್ಷಿಸಿತು. ಬೆಂಗಾವಲು ಅಧಿಕಾರಿಗಳು ಪರದೆಯ ರಂಧ್ರಗಳಿಂದಷ್ಟೇ ನೆಲವನ್ನು ನೋಡಬಹುದಿತ್ತು. ನೌಕಾಪಡೆಯ ಯುವತಿಯರು ನಡೆಸಿಕೊಡುತ್ತಿದ್ದ ಆ ಆಟದ ಪಾಠಗಳು ನಿಜವಾದ ಸಾಗರದಲ್ಲಿ ಬಳಕೆಯಾದವು.

ಹವ್ಯಾಸಿಗಳಿಗೆ ಉಳಿದ ದಾರಿಯೂ ಸರಳವೇ: ಶತ್ರು ಕಣ್ಣಿಗೆ ಬೀಳುವವರೆಗೆ ಬಿಲ್ಲೆ, ಕಂಡ ಮೇಲೆ ಹಡಗು.