ಫರಸಿ ಕಲ್ಲಿನ ಕೆಳಗೆ ಏನದ?

ಅಂಗಡಿಕಾರರೇ, ಬಸ್ಸಿನ ದಾರಿ ಕಾಯುತ್ತ ನಿಂತವರೇ, ಒಮ್ಮೆ ಕಾಲಡಿ ನೋಡಿ. ದಿನಾ ತುಳಿಯುವ ಈ ಶಹಾಬಾದ್ ಫರಸಿ ಒಂದು ಕಾಲಕ್ಕೆ ಸಮುದ್ರದ ತಳದ ಕೆಸರು! ಮೀನು, ಗಿಡಮರ ಹುಟ್ಟುವುದಕ್ಕೂ ಕೋಟ್ಯಂತರ ವರ್ಷ ಹಿಂದಿನ ಮಾತು.

ಕಲಬುರಗಿ-ಯಾದಗಿರಿ ಸೀಮೆಯ ಈ ಹಳೇ ತಗ್ಗಿಗೆ ಭೂಗರ್ಭ ಶಾಸ್ತ್ರಜ್ಞರು ‘ಭೀಮಾ ಬೇಸಿನ್’ ಎನ್ನುತ್ತಾರೆ. ಅಡಿಪಾಯ ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಅದು ಬಿರುಕುಗಳ ಗುಂಟ ಕುಸಿದು ತಗ್ಗಾಯಿತು, ಸಮುದ್ರ ಒಳನುಗ್ಗಿತು. ಮೊದಲು ಮರಳು, ಆಮೇಲೆ ಸುಣ್ಣದ ಕೆಸರು, ಜೇಡಿ, ಹೀಗೆ ಪದರದ ಮೇಲೆ ಪದರ ಕೂತು ಕಲ್ಲಾಯಿತು. ಒಟ್ಟು ದಪ್ಪ ಸುಮಾರು 300 ಮೀಟರ್. ಪದರ ಬಿಡಿಸಿದರೆ ಫರಸಿ, ಅರೆದು ಸುಟ್ಟರೆ ವಾಡಿಯ ಸಿಮೆಂಟು! ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಉತ್ತರದ ಭಾಗವನ್ನು ಮುಚ್ಚಿತು. ನಮ್ಮ ತೊಗರಿ ಬೆಳೆಯುವ ಎರೆಮಣ್ಣು ಆ ಕರಿಕಲ್ಲಿನ ಪುಡಿ.

ಪದರಗಳು ಬಹುತೇಕ ಕಡೆ ಚಾಪೆ ಹಾಸಿದಂತೆ ಮಟ್ಟಸ. ಬಿರುಕಿನ ಹತ್ತಿರ ಮಾತ್ರ ಓರೆಯಾಗಿ ಎದ್ದು ನಿಂತಿವೆ. ಶಹಾಪುರ ತಾಲೂಕಿನ ಗೋಗಿಯಲ್ಲಿ ಅಡಿಯ ಗ್ರಾನೈಟೇ ಸುಣ್ಣದಕಲ್ಲಿನ ಮೇಲೆ ಏರಿ ಕೂತಿದೆ. ಯುರೇನಿಯಂ ಸಿಕ್ಕಿದ್ದೂ ಅದೇ ಬಿರುಕಿನಲ್ಲಿ.

ಇದೆಲ್ಲ ಹಳೇ ಕತೆ, ನಮಗ್ಯಾಕೆ ಅನ್ನಬೇಡಿ. 2021ರ ಅಕ್ಟೋಬರದಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಜನ ನೆಲದೊಳಗಿನ ಸದ್ದಿಗೆ ಅಂಜಿ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. ಅ. 11ರ ರಾತ್ರಿ 4.1 ತೀವ್ರತೆಯ ಕಂಪನವೂ ಆಯಿತು. ಊರೇ ಕುಸಿದು ಹೋದರೆ ಹೆಂಗ ಅಂತ ಯಾರಿಗಾದರೂ ಅನಿಸದೇ ಇರುತ್ತದೆಯೇ?

ವಿಷಯ ಇಷ್ಟು. ನಮ್ಮ ಭೂಖಂಡ ಇಂದಿಗೂ ಉತ್ತರಕ್ಕೆ ಸರಿದು ಹಿಮಾಲಯವನ್ನು ಒತ್ತುತ್ತಿದೆ. ಆ ಒತ್ತಡ ದಖನ್ನಿನ ಗಟ್ಟಿ ಕಲ್ಲಿನಲ್ಲೂ ಸೇರಿಕೊಂಡು, ಹಳೇ ಬಿರುಕುಗಳಲ್ಲಿ ಆಗಾಗ ಸಡಿಲುತ್ತದೆ. ಮೇಲುಮೇಲೆ ಸಡಿಲಿದರೆ ಸಣ್ಣ ಕಂಪನಕ್ಕೂ ಗುಡುಗಿನಂಥ ಸದ್ದು ಕೇಳುತ್ತದೆ.

ಸದ್ದು ಯಾರನ್ನೂ ಕೊಲ್ಲುವುದಿಲ್ಲ, ಗೋಡೆ ಕೊಲ್ಲುತ್ತದೆ. 1993ರ ಸೆ. 30ರ ನಸುಕಿನಲ್ಲಿ, ಇಲ್ಲಿಂದ ಸುಮಾರು 80 ಕಿ.ಮೀ. ದೂರದ ಕಿಲ್ಲಾರಿ ಸೀಮೆಯಲ್ಲಿ ಸುಮಾರು 10 ಸಾವಿರ ಜನ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಬಲಿ ತೆಗೆದುಕೊಂಡಿದ್ದು ಕಲ್ಲು-ಮಣ್ಣಿನ ದಪ್ಪ ಗೋಡೆ, ಭಾರದ ಮಾಳಿಗೆ. ಅಂಥವೇ ಮನೆಗಳು ನಮ್ಮ ಹಳ್ಳಿಗಳಲ್ಲೂ ಇವೆ.

ಉಪಾಯ ದೊಡ್ಡದೇನಲ್ಲ. ಗೋಡೆಯ ಎರಡೂ ಮುಖ ಹಿಡಿಯುವಂತೆ ನಡುನಡುವೆ ಉದ್ದನೆ ಕಲ್ಲು ಕೂಡಿಸಬೇಕು. ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕಟ್ಟಬೇಕು. ಮಾಳಿಗೆ ಮಣ್ಣಿನ ಭಾರ ಇಳಿಸಬೇಕು. ಸರಕಾರಿ ಅನುದಾನದ ಪ್ರತಿ ಮನೆಗೂ ಈ ಪಟ್ಟಿ ಕಡ್ಡಾಯವಾಗಲಿ. ನೆಲ ನಡುಗಿದ ಮೇಲೆ ತಗಡಿನ ಶೆಡ್ ಹಾಕುವುದಕ್ಕಿಂತ, ನಡುಗುವ ಮೊದಲೇ ಗೋಡೆ ಗಟ್ಟಿ ಮಾಡುವುದು ಅಗ್ಗ. ಸಂಬಂಧಪಟ್ಟವರು ಕಿವಿಗೊಡುತ್ತಾರೆಯೇ?