ನಿಮಗಿದು ಗೊತ್ತೆ? ಕನ್ನ ಬಿದ್ದರೆ ಆರೇ ತಾಸು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲೋ ಒಂದು ಕಾರ್ಖಾನೆ. ಇಂಟರ್‌ನೆಟ್‌ಗೆ ಜೋಡಿಸಿದ ಅದರ ಸೆನ್ಸರ್‌ಗೆ ಅಥವಾ ಯಂತ್ರದ ಕಂಟ್ರೋಲರ್‌ಗೆ ಕನ್ನ ಬಿತ್ತೆನ್ನಿ. ಗಮನಕ್ಕೆ ಬಂದ 6 ತಾಸಿನೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಹೋಗಲೇಬೇಕು! 2022ರ ಏಪ್ರಿಲ್ 28ರ ನಿರ್ದೇಶನವಿದು. ಲಾಗ್ ದಾಖಲೆಗಳನ್ನು 180 ದಿನ ಕಾಪಿಡುವುದೂ ಕಡ್ಡಾಯ. ‘ನಮ್ಮದು ಸಣ್ಣ ವರ್ಕ್‌ಶಾಪ್ರೀ’ ಎಂದರೆ ನಡೆಯದು. ಸಣ್ಣ ಉದ್ದಿಮೆಗಳಿಗೆ ಸಿಕ್ಕಿದ್ದು ಆ ವರ್ಷದ ಸೆಪ್ಟೆಂಬರ್ 25ರವರೆಗಿನ ಕಾಲಾವಕಾಶ ಮಾತ್ರ.

ಕನ್ನ ಹಾಕಲು ಭಾರಿ ಜಾಣತನವೇನೂ ಬೇಡ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಕಂಪನಿಯವರೇ ಇಟ್ಟು ಕಳಿಸಿದ್ದ, ಯಾರೂ ಬದಲಿಸದ ಸುಮಾರು 60 ಬಳಕೆದಾರ ಹೆಸರು-ಪಾಸ್‌ವರ್ಡ್ ಜೋಡಿಗಳಿಂದ. 2025ರ ಏಪ್ರಿಲ್‌ನಿಂದ ಭಾರತದಲ್ಲಿ ಹೊಸ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ತಡವಾಯಿತು, ಆದರೂ ಸರಿಯೇ.

ಇಂಟರ್‌ನೆಟ್ ತಂತಿ ಕಿತ್ತಿಟ್ಟರೆ ನಿಶ್ಚಿಂತೆಯೇ? ಅದೂ ಇಲ್ಲ. 2010ರಲ್ಲಿ ಪತ್ತೆಯಾದ ‘ಸ್ಟಕ್ಸ್‌ನೆಟ್’ ಕುತಂತ್ರಾಂಶ ಯುಎಸ್‌ಬಿ ಪೆನ್‌ಡ್ರೈವ್ ಮೂಲಕವೂ ಹರಡುತ್ತಿತ್ತು. ಒಳನುಸುಳಿದ್ದು ಎಲ್ಲೆಡೆ ಹರಡದಿರಲೆಂದೇ ಕೈಗಾರಿಕಾ ಸೈಬರ್ ಸುರಕ್ಷತೆಯ ಐಇಸಿ 62443 ಮಾನದಂಡ ಕಾರ್ಖಾನೆಯ ಜಾಲವನ್ನು ವಲಯಗಳಾಗಿ ಒಡೆಯಲು ಹೇಳುತ್ತದೆ: ಕಚೇರಿಯ ಇಮೇಲ್ ಓಡುವ ಜಾಲದಲ್ಲೇ ಲೇಥ್‌ಗೆ ಹೋಗುವ ಆಜ್ಞೆಯೂ ಓಡಬಾರದು.